ಹಿಮದ ಊರಿಗೆ ಜನರನ್ನು ಕರೆಯುವುದು ಹೇಗೆ? ಸ್ಕೀ ರೆಸಾರ್ಟ್ ಪ್ರಚಾರ ಮತ್ತು ಹಬ್ಬಗಳ ಸಮಗ್ರ ಮಾರ್ಗದರ್ಶಿ

ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ ಒಂದು ಹಳೆಯ ಕಥೆ ಹೇಳುತ್ತಾರೆ. 1864ರ ಬೇಸಿಗೆ ಮುಗಿಯುತ್ತಿತ್ತು. ಯೋಹಾನೆಸ್ ಬಡ್ರುಟ್ ಎಂಬ ಹೋಟೆಲ್ ಮಾಲೀಕ, ಊರಿಗೆ ಹೊರಟು ನಿಂತಿದ್ದ ಇಂಗ್ಲಿಷ್ ಅತಿಥಿಗಳ ಜೊತೆ ಪಂದ್ಯ ಕಟ್ಟಿದ. ಚಳಿಗಾಲದಲ್ಲಿ ಬಂದು ನೋಡಿ, ಇಲ್ಲಿ ಬಿಸಿಲು ಇರುತ್ತದೆ, ಇಲ್ಲದಿದ್ದರೆ ನಿಮ್ಮ ಪ್ರಯಾಣದ ಖರ್ಚು ನನ್ನದು ಅಂದ. ಅವರು ಬಂದರು. ತಿಂಗಳುಗಟ್ಟಲೆ ಉಳಿದರು. ಆಲ್ಪ್ಸ್‌ನ ಚಳಿಗಾಲದ ಪ್ರವಾಸ ಅಲ್ಲಿಂದ ಶುರುವಾಯಿತು ಅಂತ ಆ ಊರಿನವರು ಇವತ್ತಿಗೂ ಹೇಳುತ್ತಾರೆ.

ಈ ಕಥೆಯಲ್ಲಿ ನನಗೆ ಇಷ್ಟವಾದದ್ದು ಒಂದು. ಬಡ್ರುಟ್ ಹಿಮದ ಮೇಲೆ ಪಂದ್ಯ ಕಟ್ಟಲಿಲ್ಲ, ಬಿಸಿಲಿನ ಮೇಲೆ ಕಟ್ಟಿದ. ತನ್ನ ಕಣಿವೆಯಲ್ಲಿ ಚಳಿಗಾಲದಲ್ಲೂ ಚೆನ್ನಾಗಿ ಬಿಸಿಲು ಬೀಳುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನೇ ಮಾತು ಕೊಟ್ಟ.

ಹಿಮ ಬೀಳುವುದು ನಮ್ಮ ಕೈಯಲ್ಲಿಲ್ಲ. ಕೊಟ್ಟ ಮಾತು ಮಾತ್ರ ನಮ್ಮ ಕೈಯಲ್ಲಿದೆ. ಸ್ಕೀ ರೆಸಾರ್ಟಿನ ಪ್ರಚಾರ, ಅಲ್ಲಿನ ಹಬ್ಬ, ಸ್ಪರ್ಧೆ ಎಲ್ಲವನ್ನೂ ಈ ಒಂದು ಮಾತಿನಿಂದ ಶುರು ಮಾಡಬೇಕು. ಕಾಶ್ಮೀರದ ಗುಲ್ಮರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಮನಾಲಿ ಹತ್ತಿರದ ಸೋಲಂಗ್ ಕಡೆ ಹೋಟೆಲ್ ನಡೆಸುವವರು, ಬೆಂಗಳೂರು ಮೈಸೂರಿನಿಂದ ಅಲ್ಲಿಗೆ ತಂಡ ಕಟ್ಟಿಕೊಂಡು ಹೋಗುವ ಟೂರ್ ಆಪರೇಟರ್‌ಗಳು, ಈವೆಂಟ್ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರು, ಇವರೆಲ್ಲರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಗುಲ್ಮರ್ಗನ್ನೇ ಹಿಡಿಯುತ್ತೇನೆ.

ಹೆಜ್ಜೆ 1: ಮೊದಲು ಬೆಟ್ಟವನ್ನು ಓದಿ

ಜಾಹೀರಾತಿಗೆ ಕೈ ಹಾಕುವ ಮೊದಲು ಒಂದು ನೋಟ್‌ಬುಕ್ ತೆಗೆಯಿರಿ. ಹಿಂದಿನ ಹತ್ತು ವರ್ಷ ಮೊದಲ ದೊಡ್ಡ ಹಿಮ ಯಾವ ವಾರ ಬಿತ್ತು? ಇಳಿಜಾರು ಯಾವತ್ತು ತೆರೆಯಿತು, ಯಾವತ್ತು ಮುಚ್ಚಿತು? ಜನರನ್ನು ಬೆಟ್ಟಕ್ಕೆ ಏರಿಸುವ ಲಿಫ್ಟ್ ಗಾಳಿಗೆ ಎಷ್ಟು ದಿನ ನಿಂತಿತ್ತು? ರಸ್ತೆ ಎಷ್ಟು ದಿನ ಬಂದ್ ಆಗಿತ್ತು? ಹವಾಮಾನ ಇಲಾಖೆಯ ದಾಖಲೆ ನೋಡಿ. ಸ್ಥಳೀಯ ಸ್ಕೀ ಗೈಡ್‌ಗಳನ್ನು ಕೇಳಿ. ಹಳಬರ ನೆನಪನ್ನೂ ಬರೆದುಕೊಳ್ಳಿ.

ಗುಲ್ಮರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೊಲಾ, ಅಂದರೆ ಅಲ್ಲಿನ ಕೇಬಲ್ ಕಾರ್‌ನ ಮೊದಲ ಹಂತ 1998ರಲ್ಲಿ ಶುರುವಾಯಿತು. ಅದು ಕೊಂಗ್ದೂರಿಯವರೆಗೆ ಹೋಗುತ್ತದೆ. 2005ರಲ್ಲಿ ಬಂದ ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್‌ವರೆಗೆ ಒಯ್ಯುತ್ತದೆ. ಕಾಶ್ಮೀರದವರು ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡು ಚಳಿಯನ್ನು ಚಿಲ್ಲೈ ಕಲಾನ್ ಅನ್ನುತ್ತಾರೆ. ಹಿಮ ಚೆನ್ನಾಗಿ ಬೀಳಬೇಕಾದ ಕಾಲ ಅದೇ.

ಆದರೆ 2024ರ ಜನವರಿಯಲ್ಲಿ ಏನಾಯಿತು? ಗುಲ್ಮರ್ಗಿನ ಹುಲ್ಲುಗಾವಲು ಬೋಳಾಗಿ, ಕಂದು ಬಣ್ಣದಲ್ಲಿ ನಿಂತಿತ್ತು. ಆ ಫೋಟೋಗಳನ್ನು ನೀವೂ ನೋಡಿರಬಹುದು. ಹಿಮ ಬಿದ್ದದ್ದು ತಡವಾಗಿ. ಮರು ವರ್ಷ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನ ಗುಲ್ಮರ್ಗ್ ಭಾಗ ಫೆಬ್ರವರಿ 22ಕ್ಕೆ ಶುರುವಾಗಬೇಕಿತ್ತು. ಹಿಮ ಸಾಲದೆ ಮುಂದಕ್ಕೆ ಹೋಗಿ ಮಾರ್ಚ್ 9ರಿಂದ 12ರವರೆಗೆ ನಡೆಯಿತು. ಸರ್ಕಾರದ ಕ್ರೀಡಾಕೂಟಕ್ಕೇ ಹೀಗಾದರೆ ನಿಮ್ಮ ಎರಡು ದಿನದ ಹಬ್ಬಕ್ಕೆ ಆಗಲ್ವಾ?

ಯಂತ್ರದಲ್ಲಿ ಹಿಮ ಮಾಡಬಹುದಲ್ಲ ಅಂತ ಕೇಳಬಹುದು. ಮಾಡಬಹುದು. ಅದಕ್ಕೂ ಚಳಿ ಬೇಕು. ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿಯುವ ವೆಟ್ ಬಲ್ಬ್ ಉಷ್ಣಾಂಶ ಮೈನಸ್ 2 ಡಿಗ್ರಿಯ ಆಸುಪಾಸಿಗೆ ಇಳಿಯಬೇಕು. ಜೊತೆಗೆ ಬೇಕಾದಷ್ಟು ನೀರು, ಕರೆಂಟು. 2010ರಲ್ಲಿ ಕೆನಡಾದಲ್ಲಿ ನಡೆದ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸೈಪ್ರೆಸ್ ಬೆಟ್ಟಕ್ಕೆ ಲಾರಿ, ಹೆಲಿಕಾಪ್ಟರ್‌ಗಳಲ್ಲಿ ಹಿಮ ಹೊತ್ತು ತರಬೇಕಾಯಿತು. ಕೆಳಗೆ ಹುಲ್ಲಿನ ಕಟ್ಟುಗಳನ್ನು ಪೇರಿಸಿ ಮೇಲೆ ಹಿಮ ಹರಡಿದರು. ಅಷ್ಟು ಹಣ ನಮ್ಮಲ್ಲಿ ಯಾರ ಹತ್ತಿರ ಇದೆ?

ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಮಾಡಿ. ಒಂದರಲ್ಲಿ ಹಿಮ ಇದ್ದರೆ ಮಾತ್ರ ಕೊಡಬಹುದಾದದ್ದು. ಇನ್ನೊಂದರಲ್ಲಿ ಹಿಮ ಇಲ್ಲದಿದ್ದರೂ ಕೊಡಬಹುದಾದದ್ದು: ಗೊಂಡೊಲಾ ಪ್ರಯಾಣ, ದೇವದಾರು ಕಾಡಿನ ನಡಿಗೆ, ಬೆಂಕಿಯ ಸುತ್ತ ಊಟ, ಬೆಳಗಿನ ಹರೀಸಾ ಅನ್ನುವ ಮಾಂಸದ ತಿನಿಸು, ನೂನ್ ಚಾಯ್ ಅನ್ನುವ ಉಪ್ಪು ಚಹಾ, ಸ್ಥಳೀಯರ ಹಾಡು. ಎರಡನೇ ಪಟ್ಟಿ ಚಿಕ್ಕದಿದ್ದರೆ ಮೊದಲು ಅದನ್ನು ಬೆಳೆಸಿ. ಜಾಹೀರಾತು ಆಮೇಲೆ.

ಹೆಜ್ಜೆ 2: ಯಾರನ್ನು ಕರೆಯುತ್ತಿದ್ದೀರಿ?

"ಎಲ್ಲರಿಗೂ ಸ್ವಾಗತ" ಅನ್ನುವ ಪ್ರಚಾರ ಯಾರಿಗೂ ತಟ್ಟುವುದಿಲ್ಲ. ಹಿಮದ ಊರಿಗೆ ಮುಖ್ಯವಾಗಿ ಮೂರು ಬಗೆಯ ಜನ ಬರುತ್ತಾರೆ. ಮೊದಲ ಸಲ ಹಿಮ ನೋಡಲು ಬರುವವರು. ಸ್ಕೀಯಿಂಗ್ ಕಲಿಯಬೇಕು ಅನ್ನುವವರು. ಚೆನ್ನಾಗಿ ಸ್ಕೀ ಮಾಡುವವರು, ಅಂದರೆ ಅಫರ್ವತ್‌ನ ಪುಡಿ ಹಿಮ ಹುಡುಕಿಕೊಂಡು ಹೊರದೇಶದಿಂದಲೂ ಬರುವವರು. ಮೂವರಿಗೂ ಬೇಕಾದದ್ದು ಬೇರೆ ಬೇರೆ. ಮೊದಲನೆಯವರಿಗೆ ಬಾಡಿಗೆಗೆ ಒಳ್ಳೆಯ ಬೂಟು, ಕೋಟು, ಬಿಸಿ ಊಟ, ಫೋಟೋಗೆ ಜಾಗ ಸಿಕ್ಕರೆ ಸಾಕು. ಮೂರನೆಯವರಿಗೆ ಹಿಮಕುಸಿತದ ವರದಿ ಮತ್ತು ನಂಬಬಹುದಾದ ಗೈಡ್ ಬೇಕು.

ಅಮೆರಿಕದ ಯೂಟಾದಲ್ಲಿ ಸ್ನೋಬರ್ಡ್ ಅನ್ನುವ ರೆಸಾರ್ಟ್ ಇದೆ. ಕಡಿದಾದ ಬೆಟ್ಟ. ಇಲ್ಲಿನ ದಾರಿಗಳು ತುಂಬಾ ಕಷ್ಟ ಅಂತ ಬೈದು ಒಂದು ಸ್ಟಾರ್ ಕೊಟ್ಟ ಅತಿಥಿಗಳ ಮಾತನ್ನೇ ಅವರು ಜಾಹೀರಾತಾಗಿ ಹಾಕಿದರು. ಹೊಸಬರಿಗೆ ಇದು ತಮ್ಮ ಜಾಗ ಅಲ್ಲ ಅಂತ ಗೊತ್ತಾಯಿತು. ನುರಿತವರಿಗೆ ಇದೇ ನಮ್ಮ ಜಾಗ ಅನ್ನಿಸಿತು. ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ ಅನ್ನುವ ರೆಸಾರ್ಟ್ ಕೂಡ ಹೀಗೇ. ಆಗುವುದಾದರೆ ಇಲ್ಲಿ ಸ್ಕೀ ಮಾಡಿ ಅನ್ನುವ ಸವಾಲೇ ಅವರ ಗುರುತು. ಯಾರು ಬರಬಾರದು ಅಂತ ಹೇಳುವ ಧೈರ್ಯ ಪ್ರಚಾರಕ್ಕೆ ಬೇಕು.

ಕರ್ನಾಟಕದ ಅತಿಥಿಗಳನ್ನು ಕರೆಯುವುದಾದರೆ ನಮ್ಮ ಕ್ಯಾಲೆಂಡರ್ ಗೊತ್ತಿರಬೇಕು. ಹಿಮ ಚೆನ್ನಾಗಿರುವುದು ಜನವರಿ, ಫೆಬ್ರವರಿಯಲ್ಲಿ. ಆಗ ನಮ್ಮ ಮಕ್ಕಳಿಗೆ ಪರೀಕ್ಷೆಯ ಬಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿರುವ ಮನೆಯವರು ಹೊರಡುವುದೇ ಇಲ್ಲ. ಅವರು ಬರುವುದು ಕ್ರಿಸ್‌ಮಸ್ ರಜೆಗೆ, ಇಲ್ಲವೇ ಏಪ್ರಿಲ್ ಮೇ ರಜೆಗೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಕೆಳಗೆ ಹಸಿರು ಹುಲ್ಲು, ಮೇಲಿನ ಹಂತದಲ್ಲಿ ಮಾತ್ರ ಹಿಮ. ಇದನ್ನು ಬುಕಿಂಗ್ ಮಾಡುವಾಗಲೇ ಹೇಳಿ. ಇನ್ನು ಹೊಸ ಜೋಡಿಗಳು. ಧನುರ್ಮಾಸದಲ್ಲಿ ನಮ್ಮಲ್ಲಿ ಮದುವೆ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತಗಳು ಶುರು. ಹನಿಮೂನ್ ಪ್ರವಾಸಿಗಳು ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಬರುತ್ತಾರೆ. ಹಿಮಕ್ಕೂ ಅವರಿಗೂ ಹೊಂದುತ್ತದೆ. ಐಟಿ ಕಂಪನಿಗಳ ಗೆಳೆಯರ ಗುಂಪು ಗಣರಾಜ್ಯೋತ್ಸವದ ರಜೆಗೆ ಎರಡು ದಿನ ಸೇರಿಸಿಕೊಂಡು ಹೊರಡುತ್ತದೆ. ಕಲಿಯುವ ಕ್ಯಾಂಪ್ ಇಡಬೇಕಾದದ್ದು ಇವರಿಗೆ.

ಕುಟುಂಬದ ತಂಡ ಅಂದರೆ ಅಜ್ಜಿಯೂ ಇರುತ್ತಾರೆ, ಐದು ವರ್ಷದ ಮಗುವೂ ಇರುತ್ತದೆ. ಸೀರೆ ಉಟ್ಟವರಿಗೆ ಒಳಗೆ ಹಾಕಿಕೊಳ್ಳಲು ಥರ್ಮಲ್ ಬೇಕು, ಅಳತೆಗೆ ಸರಿಯಾದ ಬೂಟು ಬೇಕು. ಸಸ್ಯಾಹಾರದ ಊಟ ಎಲ್ಲಿ ಸಿಗುತ್ತದೆ ಅಂತ ಮೊದಲೇ ಕೇಳುತ್ತಾರೆ. ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಬುಕಿಂಗ್ ಆಗುವುದು, ತಪ್ಪುವುದು ಇಲ್ಲೇ.

ಹೆಜ್ಜೆ 3: ಹಿಮ ಬೀಳುವ ಮೊದಲೇ ಮಾರಿ

2008ರಲ್ಲಿ ಅಮೆರಿಕದ ವೇಲ್ ರೆಸಾರ್ಟ್ಸ್ ಕಂಪನಿ ಎಪಿಕ್ ಪಾಸ್ ತಂದಿತು. 579 ಡಾಲರ್ ಕೊಟ್ಟರೆ ಅವರ ಬೆಟ್ಟಗಳಲ್ಲಿ ಇಡೀ ಸೀಸನ್ ಸ್ಕೀ ಮಾಡಬಹುದು. ಒಂದೇ ಷರತ್ತು, ಚಳಿಗಾಲಕ್ಕೆ ಮೊದಲೇ ಕೊಳ್ಳಬೇಕು. ಇದರಿಂದ ಕಂಪನಿಗೆ ಏನು ಸಿಕ್ಕಿತು? ಹಿಮ ಬಿದ್ದರೂ ಬೀಳದಿದ್ದರೂ ಹಣ ಮೊದಲೇ ಕೈಗೆ ಬಂತು. ಗಿರಾಕಿಗೆ ಸಿಕ್ಕಿದ್ದು ಕಡಿಮೆ ಬೆಲೆ. 2018ರಲ್ಲಿ ಆಲ್ಟೆರಾ ಕಂಪನಿ ಐಕಾನ್ ಪಾಸ್ ತಂದಿತು. ಈಗ ಅಲ್ಲಿ ಈ ಎರಡು ಪಾಸುಗಳದ್ದೇ ಮಾತು. ಇನ್ನೊಂದು ಮುಖವೂ ಇದೆ. ಪಾಸು ಇದ್ದವರೆಲ್ಲ ಒಳ್ಳೆಯ ಹಿಮದ ದಿನವೇ ಬರುತ್ತಾರೆ. ಲಿಫ್ಟಿನ ಮುಂದೆ ಉದ್ದ ಕ್ಯೂ, ರಸ್ತೆಯಲ್ಲಿ ಟ್ರಾಫಿಕ್ ಅಂತ ಅಲ್ಲಿನವರು ಬೇಸತ್ತಿದ್ದಾರೆ. ಅಗ್ಗ ಮಾಡುವಾಗ ಎಷ್ಟು ಜನರನ್ನು ತಾಳುತ್ತೇವೆ ಅನ್ನುವ ಲೆಕ್ಕವೂ ಇರಬೇಕು.

ಇಪ್ಪತ್ತು ಕೋಣೆಯ ಹೋಟೆಲ್ ನಡೆಸುವವರು ಪಾಸು ತರಲಾರರು. ಆದರೆ ಅದರ ಹಿಂದಿನ ಯೋಚನೆ ತರಬಹುದು. ಸೆಪ್ಟೆಂಬರ್ ಒಳಗೆ ಬುಕ್ ಮಾಡಿದರೆ ಒಂದು ಬೆಲೆ, ದಸರಾ ಕಳೆದ ಮೇಲೆ ಇನ್ನೊಂದು ಬೆಲೆ, ಡಿಸೆಂಬರ್‌ನಲ್ಲಿ ಪೂರ್ತಿ ಬೆಲೆ. ಬೆಲೆ ಏರುತ್ತಾ ಹೋಗಬೇಕು, ಇಳಿಯಬಾರದು. ಕೊನೆಗೆ ಖಾಲಿ ಉಳಿದ ಕೋಣೆಯನ್ನು ಅರ್ಧ ಬೆಲೆಗೆ ಕೊಟ್ಟರೆ ಮೊದಲೇ ಹಣ ಕಟ್ಟಿದವರು ಮುಂದಿನ ವರ್ಷ ಕಾಯುತ್ತಾ ಕೂರುತ್ತಾರೆ.

ಹಿಮದ ಬಗ್ಗೆ ಒಂದು ಷರತ್ತನ್ನು ಬಿಲ್ಲಿನ ಮೇಲೆ ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ. "ನೀವು ಬರುವ ದಿನಗಳಲ್ಲಿ ಕಲಿಯುವ ಇಳಿಜಾರು ತೆರೆಯದಿದ್ದರೆ ಸ್ಕೀ ಕ್ಲಾಸಿನ ಹಣ ವಾಪಸ್. ಕೋಣೆಯ ಹಣ ವಾಪಸ್ ಇಲ್ಲ, ಆದರೆ ಅದೇ ಸೀಸನ್‌ನಲ್ಲಿ ಒಂದು ಸಲ ದಿನಾಂಕ ಬದಲಿಸಬಹುದು." ಇಷ್ಟು ಸಾಕು. ಏನು ವಾಪಸ್, ಏನು ಇಲ್ಲ ಅನ್ನುವುದು ಮೊದಲೇ ಗೊತ್ತಿದ್ದರೆ ಕೌಂಟರ್ ಮುಂದೆ ಜಗಳ ಆಗುವುದಿಲ್ಲ.

ಮನಾಲಿಯ ಕಡೆಯವರಿಗೆ ಒಂದು ಅನುಕೂಲ ಇದೆ. 2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ, ಸೋಲಂಗ್‌ನಲ್ಲಿ ಹಿಮ ಇಲ್ಲದಿದ್ದರೆ ಅತಿಥಿಗಳನ್ನು ಆಚೆಯ ಸಿಸ್ಸು, ಕೋಕ್ಸರ್ ಕಡೆ ಕರೆದುಕೊಂಡು ಹೋಗಬಹುದು. ಅಂಥ ಪರ್ಯಾಯ ನಿಮ್ಮಲ್ಲಿದ್ದರೆ ಅದನ್ನೂ ಪ್ಯಾಕೇಜಿನಲ್ಲೇ ಬರೆದಿಡಿ, ಹೆಚ್ಚುವರಿ ಗಾಡಿ ಖರ್ಚು ಯಾರದು ಅಂತಲೂ.

ಹೆಜ್ಜೆ 4: ದಿನದ ಹಿಮವರದಿ

ನನ್ನ ಪ್ರಕಾರ ಇಡೀ ಪ್ರಚಾರದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇಲ್ಲ.

ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಜೊನಾಥನ್ ಜಿನ್ಮನ್ ಮತ್ತು ಎರಿಕ್ ಜಿಟ್ಜ್‌ವಿಟ್ಜ್ ಎಂಬ ಅರ್ಥಶಾಸ್ತ್ರಜ್ಞರು ಸ್ಕೀ ರೆಸಾರ್ಟ್‌ಗಳು ತಾವೇ ಹೇಳಿಕೊಳ್ಳುವ ಹಿಮದ ಲೆಕ್ಕವನ್ನು ಸರ್ಕಾರದ ಹವಾಮಾನ ಲೆಕ್ಕದ ಜೊತೆ ಹೋಲಿಸಿ ನೋಡಿದರು. ವಾರಾಂತ್ಯ ಬಂದರೆ ಸಾಕು, ರೆಸಾರ್ಟ್‌ಗಳ ವರದಿಯಲ್ಲಿ ಹಿಮ ಜಾಸ್ತಿಯಾಗುತ್ತಿತ್ತು! ಮೋಡಕ್ಕೆ ಶನಿವಾರ ಭಾನುವಾರ ಗೊತ್ತಿಲ್ಲ, ಅಲ್ವಾ? ಆಮೇಲೆ ಅತಿಥಿಗಳೇ ಇಳಿಜಾರಿನಿಂದ ನೇರವಾಗಿ ಹಿಮದ ವರದಿ ಕೊಡುವ ಐಫೋನ್ ಆ್ಯಪ್ ಬಂತು. ಮೊಬೈಲ್ ಸಿಗ್ನಲ್ ಚೆನ್ನಾಗಿದ್ದ ರೆಸಾರ್ಟ್‌ಗಳಲ್ಲಿ ಈ ಉತ್ಪ್ರೇಕ್ಷೆ ತಟ್ಟನೆ ಕಡಿಮೆಯಾಯಿತು.

ಈಗ ಎಲ್ಲರ ಕೈಯಲ್ಲೂ ಫೋನ್ ಇದೆ. ನೀವು ಸುಳ್ಳು ಹೇಳಿದರೆ ಹತ್ತು ನಿಮಿಷದಲ್ಲಿ ಒಬ್ಬ ಅತಿಥಿಯ ರೀಲ್ ಅದನ್ನು ತೋರಿಸುತ್ತದೆ. ಅದಕ್ಕೇ ಸೀಸನ್ ಪೂರ್ತಿ, ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ, ಒಂದೇ ನಮೂನೆಯಲ್ಲಿ ವರದಿ ಹಾಕಿ. ಹೀಗೆ:

"ಇಂದು ಬೆಳಗ್ಗೆ 7 ಗಂಟೆ. ರಾತ್ರಿ ಬಿದ್ದ ಹೊಸ ಹಿಮ 4 ಸೆಂಟಿಮೀಟರ್. ಕಲಿಯುವ ಇಳಿಜಾರು ತೆರೆದಿದೆ. ಗೊಂಡೊಲಾ ಮೊದಲ ಹಂತ ನಡೆಯುತ್ತಿದೆ, ಎರಡನೇ ಹಂತ ಗಾಳಿಯಿಂದ ನಿಂತಿದೆ. ತಂಗ್‌ಮರ್ಗ್ ರಸ್ತೆಯಲ್ಲಿ ಚಕ್ರಕ್ಕೆ ಚೈನ್ ಬೇಕು. ಸ್ಲೆಡ್ಜ್ (ಜಾರುಗಾಡಿ) ಆಡಬಹುದು. ಸ್ಕೀ ಕಲಿಯಲು ನಾಳೆಯವರೆಗೆ ಕಾದರೆ ಒಳ್ಳೆಯದು."

ಕೊನೆಯ ಸಾಲು ನೋಡಿ. ಕಾಯಿರಿ ಅಂತ ಹೇಳಿದ ದಿನ ನಿಮಗೆ ನಷ್ಟವಾಗಬಹುದು. ಆದರೆ ಬನ್ನಿ ಅಂತ ಹೇಳಿದ ದಿನ ಜನ ಪೂರ್ತಿ ನಂಬುತ್ತಾರೆ. ಪ್ರತಿ ಫೋಟೋದ ಮೇಲೆ ತೆಗೆದ ದಿನಾಂಕ ಇರಲಿ. ಹೋದ ವರ್ಷದ ಫೋಟೋವನ್ನು ಈ ವಾರದ್ದು ಅನ್ನುವ ಹಾಗೆ ಹಾಕಬೇಡಿ. ಆಗುವುದಾದರೆ ಇಳಿಜಾರಿಗೆ ಮುಖ ಮಾಡಿ ಒಂದು ವೆಬ್‌ಕ್ಯಾಮ್ ಇಡಿ.

ಹಿಮ ಬೀಳದೇ ಹೋದಾಗ ಏನು ಮಾಡಬೇಕು ಅನ್ನುವುದಕ್ಕೆ ನನಗೆ ನೆನಪಾಗುವುದು ಅಮೆರಿಕದ ಐಡಾಹೋದ ಸನ್ ವ್ಯಾಲಿ ರೆಸಾರ್ಟ್. ಯೂನಿಯನ್ ಪೆಸಿಫಿಕ್ ರೈಲ್ವೆಯ ಅವರೆಲ್ ಹ್ಯಾರಿಮನ್ 1936ರ ಡಿಸೆಂಬರ್‌ನಲ್ಲಿ ಅದನ್ನು ತೆರೆದರು. ಪ್ರಚಾರ ನೋಡಿಕೊಂಡವರು ಸ್ಟೀವ್ ಹ್ಯಾನಗನ್. ಮಯಾಮಿ ಬೀಚಿಗೆ ಹೆಸರು ತಂದುಕೊಟ್ಟಿದ್ದ ಅವರಿಗೆ ಚಳಿ ಅಂದರೆ ಆಗುತ್ತಿರಲಿಲ್ಲ. ಚಳಿಗೆ ಹೆದರುವವರು ಯಾಕೆ ಬರಬೇಕು ಅಂತ ಯೋಚಿಸಿ, ಸನ್ ವ್ಯಾಲಿ, ಅಂದರೆ ಬಿಸಿಲಿನ ಕಣಿವೆ ಅನ್ನುವ ಹೆಸರನ್ನೇ ಇಟ್ಟರು. ಬಾಳೆಗೊನೆಗಳನ್ನು ಹಡಗಿಗೆ ಏರಿಸುವ ಯಂತ್ರ ನೋಡಿದ್ದ ರೈಲ್ವೆ ಇಂಜಿನಿಯರ್ ಜಿಮ್ ಕರನ್ ಅದೇ ರೀತಿಯಲ್ಲಿ ಜನರನ್ನು ಬೆಟ್ಟಕ್ಕೆ ಏರಿಸುವ ಕುರ್ಚಿ ಲಿಫ್ಟ್ ಕಟ್ಟಿದರು. ಜಗತ್ತಿನ ಮೊದಲ ಚೇರ್‌ಲಿಫ್ಟ್ ಅದು. ಹಾಲಿವುಡ್ ತಾರೆಯರಿಗೆ ಆಮಂತ್ರಣ ಹೋಯಿತು. ಎಲ್ಲ ಸಿದ್ಧ, ಹಿಮವೇ ಇಲ್ಲ. ಹ್ಯಾರಿಮನ್ ಅತಿಥಿಗಳಿಗೆ ಹೇಳಿದ್ದು ಇಷ್ಟು: ಹಿಮ ಬೀಳುವವರೆಗೆ ನೀವು ನಮ್ಮ ಖರ್ಚಿನಲ್ಲಿ ಇರಿ. ಆ ಮಾತೇ ಸುದ್ದಿಯಾಯಿತು.

ಕಾಶ್ಮೀರದ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ನಡೆದ ದಾಳಿಯಲ್ಲಿ ಕನ್ನಡಿಗರೂ ಪ್ರಾಣ ಕಳೆದುಕೊಂಡರು. ಆ ನೋವು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅಲ್ಲಿ ಸುರಕ್ಷಿತವಾ ಅಂತ ಯಾರಾದರೂ ಕೇಳಿದರೆ "ಏನೂ ಆಗಲ್ಲ ಬನ್ನಿ" ಅಂತ ಸುಮ್ನೆ ತಳ್ಳಿಹಾಕಬೇಡಿ. ಸರ್ಕಾರದ ಸೂಚನೆ ಏನಿದೆ, ಯಾವ ಜಾಗ ತೆರೆದಿದೆ, ಯಾವುದು ಮುಚ್ಚಿದೆ, ರದ್ದು ಮಾಡಿದರೆ ಹಣ ಎಷ್ಟು ವಾಪಸ್ ಬರುತ್ತದೆ, ಇದನ್ನು ಹೇಳಿ. ನಿರ್ಧಾರ ಅವರು ಮಾಡಲಿ.

ಪ್ರಚಾರ ಎಲ್ಲಿ ಮಾಡಬೇಕು ಅನ್ನುವುದು ಇದರಷ್ಟು ಕಷ್ಟದ ಪ್ರಶ್ನೆ ಅಲ್ಲ. ಇನ್‌ಸ್ಟಾಗ್ರಾಮ್, ಯೂಟ್ಯೂಬ್, ಹಳೆಯ ಅತಿಥಿಗಳ ವಾಟ್ಸಾಪ್ ಗುಂಪು, ಬೆಂಗಳೂರಿನ ಟ್ರಾವೆಲ್ ಏಜೆಂಟರು, ಪ್ರವಾಸೋದ್ಯಮ ಮೇಳಗಳು. ಕನ್ನಡದಲ್ಲಿ ಮಾತಾಡಿ. ಬೂಟು ಹಾಕುವುದು ಹೇಗೆ, ಬಿದ್ದರೆ ಏಳುವುದು ಹೇಗೆ ಅಂತ ಕನ್ನಡದಲ್ಲಿ ಎರಡು ನಿಮಿಷದ ವಿಡಿಯೊ ಮಾಡಿ ನೋಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕರ್ನಾಟಕಕ್ಕೆ ಸ್ಕೀಯಿಂಗ್ ಚಿನ್ನ ತಂದಿದ್ದಾರೆ. ಹಿಮವೇ ಬೀಳದ ಊರಿನ ಹುಡುಗಿ. ಸ್ಕೀಯಿಂಗ್ ನಮಗಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ?

ಹೆಜ್ಜೆ 5: ಹಬ್ಬ ಯಾಕೆ, ಯಾವಾಗ?

ಕ್ರಿಸ್‌ಮಸ್ ವಾರದಲ್ಲಿ ಕೋಣೆಗಳು ತಾವಾಗಿಯೇ ತುಂಬುತ್ತವೆ. ಆಗ ದೊಡ್ಡ ಕಾರ್ಯಕ್ರಮ ಇಟ್ಟರೆ ಖರ್ಚು ಮತ್ತು ನೂಕುನುಗ್ಗಲು, ಅಷ್ಟೇ. ಹಬ್ಬ ಇಡಬೇಕಾದದ್ದು ಖಾಲಿ ವಾರಗಳಲ್ಲಿ. ಆಸ್ಟ್ರಿಯಾದ ಇಶ್‌ಗಲ್ ಚಿಕ್ಕ ಊರು. ಅವರು ದೊಡ್ಡ ಹಾಡುಗಾರರನ್ನು ಕರೆಸಿ ಸಂಗೀತ ಕಾರ್ಯಕ್ರಮ ಮಾಡುವುದು ಸೀಸನ್ ಶುರುವಾಗುವ ನವೆಂಬರ್ ಕೊನೆಯಲ್ಲಿ ಮತ್ತು ಮುಗಿಯುವ ಏಪ್ರಿಲ್ ಕೊನೆಯ ಹೊತ್ತಿಗೆ. ಸ್ಕೀ ಪಾಸು ಕೊಂಡವರಿಗೆ ಕಾರ್ಯಕ್ರಮ ಅದರಲ್ಲೇ ಸೇರಿದೆ. ಹೀಗೆ ಎರಡೂ ತುದಿಗಳನ್ನು ಎಳೆದು ಸೀಸನ್ ಉದ್ದ ಮಾಡಿದರು. ಕೆನಡಾದ ವಿಸ್ಲರ್ ಕೂಡ 1996ರಿಂದ ತನ್ನ ದೊಡ್ಡ ಸ್ಕೀ ಹಬ್ಬವನ್ನು ಏಪ್ರಿಲ್‌ನಲ್ಲಿ ಇಡುತ್ತಾ ಬಂದಿದೆ.

ಗುಲ್ಮರ್ಗಿಗೆ ನಾನು ಆರಿಸುವುದು ಫೆಬ್ರವರಿಯ ಎರಡನೇ ಅಥವಾ ಮೂರನೇ ವಾರದ ಮಂಗಳವಾರದಿಂದ ಗುರುವಾರ. ಹಿಮ ಇರುವ ಸಾಧ್ಯತೆ ಜಾಸ್ತಿ. ವಾರದ ನಡುವೆ ಕೋಣೆ ಖಾಲಿ ಇರುತ್ತವೆ. ಮದುವೆಯಾದ ಹೊಸಬರು ಓಡಾಡುವ ಕಾಲವೂ ಹೌದು.

ಹೆಜ್ಜೆ 6: ಕಥೆ ಊರಿನದೇ ಆಗಿರಲಿ

ನಾರ್ವೆಯಲ್ಲಿ ಬಿರ್ಕೆಬೈನರ್ ಅನ್ನುವ ಸ್ಕೀ ಓಟ ಇದೆ. ರೇನಾದಿಂದ ಲಿಲ್ಲೆಹಾಮರ್‌ವರೆಗೆ 54 ಕಿಲೋಮೀಟರ್. ಓಡುವ ಪ್ರತಿಯೊಬ್ಬರ ಬೆನ್ನ ಮೇಲೂ 3.5 ಕಿಲೋ ಭಾರದ ಚೀಲ ಇರಲೇಬೇಕು. ಯಾಕೆ ಗೊತ್ತಾ? 1206ರಲ್ಲಿ ಅಂತರ್ಯುದ್ಧದ ನಡುವೆ ಇಬ್ಬರು ಯೋಧರು ಪುಟ್ಟ ರಾಜಕುಮಾರ ಹೋಕನ್‌ನನ್ನು ಎತ್ತಿಕೊಂಡು ಸ್ಕೀ ಮೇಲೆ ಬೆಟ್ಟ ದಾಟಿದರು. ಆ ಮಗುವಿನ ಭಾರವೇ ಈ ಚೀಲ. 1932ರಿಂದ ಈ ಓಟ ನಡೆಯುತ್ತಿದೆ. ಒಂದು ಚೀಲದಿಂದ ಇಡೀ ಸ್ಪರ್ಧೆಗೆ ಅರ್ಥ ಬಂದುಬಿಟ್ಟಿತು. ಇಂಥದ್ದನ್ನು ಯಾವ ಜಾಹೀರಾತು ಕಂಪನಿಯೂ ಮಾಡಿಕೊಡಲಾರದು.

ಅಮೆರಿಕದ ಕೊಲರಾಡೋದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್‌ನದು ಇನ್ನೂ ಹತ್ತಿರದ ಉದಾಹರಣೆ. ಅದು ದನಕಾಯುವವರ ಊರು. ಕುದುರೆಗಳಿಗೆ ಕಡಿಮೆ ಇಲ್ಲ. 1914ರಲ್ಲಿ ಕಾರ್ಲ್ ಹೋವೆಲ್ಸನ್ ಎಂಬ ನಾರ್ವೆಯವರು ಅಲ್ಲಿ ಚಳಿಗಾಲದ ಜಾತ್ರೆ ಶುರು ಮಾಡಿದರು. ಇವತ್ತಿಗೂ ಜಾತ್ರೆಯ ದಿನ ಊರಿನ ಮುಖ್ಯ ಬೀದಿಗೇ ಲಾರಿಯಲ್ಲಿ ಹಿಮ ತಂದು ಹರಡುತ್ತಾರೆ. ಕುದುರೆಗಳು ಓಡುತ್ತವೆ, ಹಿಂದೆ ಹಗ್ಗ ಹಿಡಿದ ಮಕ್ಕಳು ಸ್ಕೀ ಮೇಲೆ ಜಾರುತ್ತಾ ಬರುತ್ತಾರೆ. ಊರಿನ ಮಕ್ಕಳೇ ಕುಣಿಯುವ ಹಬ್ಬಕ್ಕೆ ಊರೇ ಕೆಲಸ ಮಾಡುತ್ತದೆ.

ನಮ್ಮಲ್ಲೂ ಇದೆ. ಮನಾಲಿಯ ವಿಂಟರ್ ಕಾರ್ನಿವಲ್‌ನಲ್ಲಿ ಹಳ್ಳಿಗಳ ಮಹಿಳಾ ಮಂಡಲಗಳು ತಮ್ಮ ಊರಿನ ಬದುಕನ್ನು ಸ್ತಬ್ಧಚಿತ್ರ ಮಾಡಿ ಮೆರವಣಿಗೆ ಹೊರಡುತ್ತವೆ. ಮೈಸೂರು ದಸರಾ ನೋಡಿ ಬೆಳೆದ ನಮಗೆ ಇದರ ಶಕ್ತಿ ಬಿಡಿಸಿ ಹೇಳಬೇಕಿಲ್ಲ.

ಗುಲ್ಮರ್ಗಿನಲ್ಲಿ ಸ್ಲೆಡ್ಜ್ ಎಳೆಯುವವರು, ಕುದುರೆಯವರು, ಸ್ಕೀ ಗೈಡ್‌ಗಳು ಇದ್ದಾರೆ. ದೂರದಿಂದ ಡಿಜೆ ತರಿಸುವ ಮೊದಲು ಅವರ ಜೊತೆ ಕುಳಿತು ಮಾತಾಡಿ. ಸ್ಲೆಡ್ಜಿನವರ ಓಟ ಇಡಬಹುದು. ಸಂಜೆ ಹೊತ್ತು ಸ್ಥಳೀಯ ಗೈಡ್‌ಗಳು ದೀಪ ಹಿಡಿದು ಇಳಿಜಾರಿನಲ್ಲಿ ಸಾಲಾಗಿ ಇಳಿಯುವುದು ಕಣ್ಣಿಗೆ ಹಬ್ಬ. ಫೆರನ್ ಅನ್ನುವ ನಿಲುವಂಗಿ ತೊಟ್ಟು, ಕಾಂಗ್ರಿ ಅನ್ನುವ ಕೆಂಡದ ಕುಡಿಕೆ ಹಿಡಿದು ಕಥೆ ಕೇಳುವ ರಾತ್ರಿ, ಹಿಮ ಬೀಳದಿದ್ದರೂ ನಡೆಯುತ್ತದೆ. ಕಾರ್ಯಕ್ರಮ ಪಟ್ಟಿಯಲ್ಲಿ ಅರ್ಧದಷ್ಟಾದರೂ ಹೀಗೆ ಹಿಮ ಬೇಡದ್ದು ಇರಬೇಕು. ಹೆಜ್ಜೆ 1ರ ಎರಡನೇ ಪಟ್ಟಿ ಈಗ ಕೆಲಸಕ್ಕೆ ಬಂತು ನೋಡಿ.

ಹೆಜ್ಜೆ 7: ಹಿಂದಕ್ಕೆ ಎಣಿಸುತ್ತಾ ಬನ್ನಿ

ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ. ಒಂದು ವರ್ಷ ಮೊದಲು ದಿನಾಂಕ, ಜಾಗ, ಯಾವ ಅತಿಥಿ ಅನ್ನುವುದು ತೀರ್ಮಾನ ಆಗಿರಬೇಕು. ಮೀಸಲು ದಿನಾಂಕವನ್ನೂ ಆಗಲೇ ಇಟ್ಟುಕೊಳ್ಳಿ. ಒಂಬತ್ತು ಹತ್ತು ತಿಂಗಳು ಮೊದಲು ಪ್ರಾಯೋಜಕರ ಹತ್ತಿರ ಹೋಗಿ. ಕಂಪನಿಗಳು ಹೊಸ ಹಣಕಾಸು ವರ್ಷದ ಲೆಕ್ಕ ಹಾಕುವ ಏಪ್ರಿಲ್ ಒಳ್ಳೆಯ ಕಾಲ. ಆರು ತಿಂಗಳಿಗೆ ಅನುಮತಿಗಳ ಅರ್ಜಿ: ಪ್ರವಾಸೋದ್ಯಮ ಇಲಾಖೆ, ಗುಲ್ಮರ್ಗ್ ಅಭಿವೃದ್ಧಿ ಪ್ರಾಧಿಕಾರ, ಪೊಲೀಸ್, ಕೇಬಲ್ ಕಾರ್ ನಿಗಮ, ಅರಣ್ಯ ಮತ್ತು ವನ್ಯಜೀವಿ ಇಲಾಖೆ. ಒಂದು ಕಡೆಯ ಕಾಗದ ಇನ್ನೊಂದು ಕಡೆ ಬೇಕಾಗುತ್ತದೆ, ಅದಕ್ಕೇ ಇಷ್ಟು ಸಮಯ. ಮೂರು ತಿಂಗಳಿಗೆ ಟಿಕೆಟ್ ಮಾರಾಟ ಜೋರಾಗಿರಬೇಕು. ಒಂದು ತಿಂಗಳಿಗೆ ಸ್ವಯಂಸೇವಕರ ತರಬೇತಿ.

ಇನ್ನು ಹತ್ತು ದಿನ ಮೊದಲು ಬರುವುದು ಎಲ್ಲಕ್ಕಿಂತ ಕಷ್ಟದ ಗಳಿಗೆ. ಸ್ಕೀ ವಿಶ್ವಕಪ್ ನಡೆಸುವ ಅಂತರರಾಷ್ಟ್ರೀಯ ಒಕ್ಕೂಟವೂ ಸ್ಪರ್ಧೆಗೆ ಸುಮಾರು ಹತ್ತು ದಿನ ಮೊದಲು ಹಿಮ ಪರೀಕ್ಷೆ ಮಾಡಿ ನಡೆಸಬಹುದೋ ಇಲ್ಲವೋ ಹೇಳುತ್ತದೆ. ನೀವೂ ಹಾಗೇ ಮಾಡಿ. ಇಳಿಜಾರಿನ ಐದು ಕಡೆ ಕೋಲು ಚುಚ್ಚಿ ಹಿಮದ ಆಳ ಅಳೆಯಿರಿ. ಎಷ್ಟು ಆಳ ಇದ್ದರೆ ಸ್ಪರ್ಧೆ, ಎಷ್ಟಿದ್ದರೆ ಸ್ಲೆಡ್ಜ್ ಮಾತ್ರ, ಎಷ್ಟಕ್ಕಿಂತ ಕಡಿಮೆಯಾದರೆ ಹಿಮವಿಲ್ಲದ ಕಾರ್ಯಕ್ರಮ ಅನ್ನುವುದನ್ನು ತಿಂಗಳುಗಳ ಮೊದಲೇ ಬರೆದಿಟ್ಟಿರಬೇಕು. ಆ ದಿನ ಕುಳಿತು ಚರ್ಚೆ ಮಾಡಿದರೆ ಆಸೆ ಗೆಲ್ಲುತ್ತದೆ. ತೀರ್ಮಾನ ಹೇಳುವ ವ್ಯಕ್ತಿ ಒಬ್ಬರೇ ಇರಲಿ. ಟಿಕೆಟ್ ಮಾರುವವರು ಆ ವ್ಯಕ್ತಿ ಆಗಬಾರದು.

ಹೆಜ್ಜೆ 8: ದುಡ್ಡಿನ ಲೆಕ್ಕ

ಬರೀ ಲೆಕ್ಕ ತಿಳಿಯಲು ಒಂದು ಉದಾಹರಣೆ. ಎಷ್ಟು ಜನ ಬಂದರೂ ಬರುವ ಖರ್ಚು, ಅಂದರೆ ವೇದಿಕೆ, ಜನರೇಟರ್, ಅನುಮತಿ, ವೈದ್ಯರು, ಪ್ರಚಾರ, ಒಟ್ಟು 6 ಲಕ್ಷ ರೂಪಾಯಿ ಅಂದುಕೊಳ್ಳಿ. ಒಬ್ಬ ಅತಿಥಿಯ ಊಟ, ಬೂಟು, ಗೈಡ್ ಸೇರಿ 2,000. ಟಿಕೆಟ್ 4,500. ಒಬ್ಬರಿಂದ ಉಳಿಯುವುದು 2,500. ಅಂದರೆ 240 ಜನ ಬಂದರೆ ಅಸಲು. ಈಗ ಹಿಮ ಬೀಳಲಿಲ್ಲ, 80 ಜನ ಹಣ ವಾಪಸ್ ಕೇಳಿದರು. ಟಿಕೆಟ್ ಹಣ 3.6 ಲಕ್ಷ ವಾಪಸ್ ಹೋಯಿತು, ಅವರ ಊಟ, ಬೂಟು, ಗೈಡ್ ಖರ್ಚು 1.6 ಲಕ್ಷ ಉಳಿಯಿತು. ಒಟ್ಟಿನಲ್ಲಿ 2 ಲಕ್ಷ ಕೈಬಿಟ್ಟಿತು. ಈ 2 ಲಕ್ಷ ಎಲ್ಲಿಂದ ಬರುತ್ತದೆ ಅನ್ನುವ ಉತ್ತರ ಸಿಗುವವರೆಗೆ ಪೋಸ್ಟರ್ ಅಂಟಿಸಬೇಡಿ. ಪ್ರಾಯೋಜಕರ ಹಣದಲ್ಲಿ ಒಂದು ಭಾಗವನ್ನು ಇದಕ್ಕೇ ತೆಗೆದಿಡಬಹುದು. ಕಾರ್ಯಕ್ರಮ ರದ್ದತಿಯ ವಿಮೆ ಮಾಡಿಸಬಹುದು, ಆದರೆ ಹಿಮದ ಕೊರತೆ ಅದರಲ್ಲಿ ಸೇರಿದೆಯಾ ಅಂತ ಪಾಲಿಸಿಯ ಸಾಲು ಸಾಲು ಓದಿ.

ಹೆಜ್ಜೆ 9: ಚಳಿಯಲ್ಲಿ ಎಲ್ಲವೂ ಬೇರೆ

ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾರ್ಯಕ್ರಮ ಮಾಡಿದ ಅನುಭವ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಸಾಮಾನ್ಯ ಡೀಸೆಲ್ ಕಡು ಚಳಿಯಲ್ಲಿ ಗಟ್ಟಿಯಾಗುತ್ತದೆ. ಲಡಾಖ್‌ನಂಥ ಕಡೆಗಳಿಗಾಗಿ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದದ್ದು ಇದಕ್ಕೇ. ಜನರೇಟರ್ ಕೊಡುವವರಿಗೆ ಯಾವ ಇಂಧನ ಹಾಕುತ್ತೀರಿ ಅಂತ ಕೇಳಿ. ಬ್ಯಾಟರಿಗಳು ಬೇಗ ಸೋಲುತ್ತವೆ. ವಾಕಿಟಾಕಿ, ಮೈಕ್, ಟಿಕೆಟ್ ಸ್ಕ್ಯಾನರ್ ಎಲ್ಲಕ್ಕೂ ಎರಡರಷ್ಟು ಬ್ಯಾಟರಿ ಇಡಿ. ಹೆಚ್ಚುವರಿ ಬ್ಯಾಟರಿ ಕೋಟಿನ ಒಳಜೇಬಿನಲ್ಲಿ ಇರಲಿ. ಅತಿಥಿಗಳ ಪಟ್ಟಿಯನ್ನು ಕಾಗದದಲ್ಲೂ ಮುದ್ರಿಸಿಟ್ಟುಕೊಳ್ಳಿ.

ನೀರಿನ ಪೈಪು ಹೆಪ್ಪುಗಟ್ಟುತ್ತದೆ, ಶೌಚಾಲಯ ನಿಲ್ಲುತ್ತದೆ. ಹೆಂಗಸರು, ಮಕ್ಕಳು, ವಯಸ್ಸಾದವರು ಮೊದಲು ಕಷ್ಟಪಡುವುದು ಇಲ್ಲೇ. ಬಿಸಿನೀರಿನ ವ್ಯವಸ್ಥೆ ಇರುವ ಹೋಟೆಲಿನ ಹತ್ತಿರವೇ ಮೈದಾನ ಆರಿಸಿ. ತೆರೆದ ಜಾಗದಲ್ಲಿ ಒಂದು ಗಂಟೆಗಿಂತ ಜಾಸ್ತಿ ಯಾರನ್ನೂ ಕೂರಿಸಬೇಡಿ. ಭಾಷಣ ಚಿಕ್ಕದಿರಲಿ. ಊಟ ಒಂದೇ ಸಲ ದೊಡ್ಡದಾಗಿ ಬೇಡ, ಆಗಾಗ ಬಿಸಿ ಬಿಸಿಯಾಗಿ ಕೊಡಿ. ಸೂಪು, ಕಹ್ವಾ ಅನ್ನುವ ಕಾಶ್ಮೀರಿ ಚಹಾ, ಮ್ಯಾಗಿ. ನಮ್ಮವರಿಗೆ ಒಂದು ಲೋಟ ಬಿಸಿ ಸಾರು ಸಿಕ್ಕರೆ ಮುಖ ಅರಳುತ್ತದೆ. ಜನವರಿಯಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಮುಳುಗಿದ ಕೂಡಲೇ ನೆಲ ಗಾಜಿನಂತಾಗುತ್ತದೆ. ದಾರಿಗೆ ಮರಳು ಅಥವಾ ಬೂದಿ ಹಾಕಿಸಿ, ದೀಪ ಇಡಿ.

ಎತ್ತರದ ಮಾತೂ ಇದೆ. ಬೆಂಗಳೂರು ಸುಮಾರು 900 ಮೀಟರ್. ಅಲ್ಲಿಂದ ಬೆಳಗ್ಗೆ ವಿಮಾನ ಹತ್ತಿದವರನ್ನು ಮರುದಿನವೇ 3,950 ಮೀಟರ್‌ಗೆ ಒಯ್ದರೆ ತಲೆನೋವು, ವಾಂತಿ, ಉಸಿರಾಟದ ತೊಂದರೆ ಬರಬಹುದು. ಮೊದಲ ದಿನ ಕೆಳಗೇ ಇರಲಿ. ಹೃದಯದ ತೊಂದರೆ ಇರುವವರನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ವೈದ್ಯರು, ಆಕ್ಸಿಜನ್, ಚಕ್ರಕ್ಕೆ ಚೈನ್ ಹಾಕಿದ ಗಾಡಿ ಮೂರೂ ಸ್ಥಳದಲ್ಲಿರಬೇಕು.

ಹಿಮಕುಸಿತದ ವಿಷಯದಲ್ಲಿ ರಾಜಿ ಇಲ್ಲ. 2023ರ ಫೆಬ್ರವರಿಯಲ್ಲಿ ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಹಿಮದಡಿ ಸಿಕ್ಕಿ ಸತ್ತರು. ರಕ್ಷಣಾ ಸಂಶೋಧನೆಯ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅದನ್ನು ದಿನವೂ ಓದಿ, ಸ್ಥಳೀಯ ಸ್ಕೀ ಗಸ್ತಿನವರ ಮಾತು ಕೇಳಿ. ಅವರು ಬೇಡ ಅಂದರೆ ಬೇಡ. ಪ್ರಾಯೋಜಕರು ಬಂದು ನಿಂತಿದ್ದರೂ, ಕ್ಯಾಮೆರಾ ಸಿದ್ಧವಾಗಿದ್ದರೂ. ದಾರಿ ಬಿಟ್ಟು ಹೊರಗೆ ಸ್ಕೀ ಮಾಡುವ ದೃಶ್ಯಗಳನ್ನು ಪ್ರಚಾರಕ್ಕೆ ಬಳಸಬೇಡಿ. ನೋಡಿದ ಹೊಸಬರು ಅದನ್ನೇ ಮಾಡಲು ಹೋಗುತ್ತಾರೆ.

ಹೆಜ್ಜೆ 10: ಮುಗಿದ ಮೇಲೆ

ಕೊನೆಯ ಅತಿಥಿ ಹೊರಡುವ ಮೊದಲು ಸ್ಲೆಡ್ಜಿನವರು, ಕುದುರೆಯವರು, ಅಡುಗೆಯವರು, ಗೈಡ್‌ಗಳು ಎಲ್ಲರ ಹಣ ಚುಕ್ತಾ ಮಾಡಿ. ಮುಂದಿನ ವರ್ಷದ ಹಬ್ಬ ನಿಂತಿರುವುದು ಅವರ ಮೇಲೆ. ಎರಡು ದಿನದೊಳಗೆ ಅತಿಥಿಗಳಿಗೆ ಫೋಟೋ ಕಳಿಸಿ, ಮೂರೇ ಪ್ರಶ್ನೆ ಕೇಳಿ: ಏನು ಇಷ್ಟವಾಯಿತು, ಎಲ್ಲಿ ಕಷ್ಟವಾಯಿತು, ಮತ್ತೆ ಬರುತ್ತೀರಾ? ಎಷ್ಟು ಲೈಕ್ ಬಂತು ಅನ್ನುವುದನ್ನು ಬಿಡಿ. ಖಾಲಿ ಇರುತ್ತಿದ್ದ ಆ ವಾರ ಎಷ್ಟು ಕೋಣೆ ತುಂಬಿದವು, ಅವರಲ್ಲಿ ಎಷ್ಟು ಜನ ಎರಡನೇ ಸಲ ಬಂದವರು, ಒಬ್ಬ ಅತಿಥಿಯನ್ನು ಕರೆತರಲು ಪ್ರಚಾರಕ್ಕೆ ಎಷ್ಟು ಖರ್ಚಾಯಿತು, ಈ ಮೂರನ್ನು ನೋಟ್‌ಬುಕ್ಕಿಗೆ ಸೇರಿಸಿ.

ಒಂದು ಕೆಲಸ ಮೇ ತಿಂಗಳಿಗೆ ಉಳಿಯುತ್ತದೆ. ಹಿಮದ ಮೇಲೆ ಬಿದ್ದ ಲೋಟ, ಪ್ಲಾಸ್ಟಿಕ್, ಪಟ್ಟಿ, ಬ್ಯಾಟರಿ ಹೊಸ ಹಿಮದಡಿ ಮರೆಯಾಗಿರುತ್ತವೆ. ಕರಗಿದಾಗ ಎಲ್ಲವೂ ಹುಲ್ಲಿನ ಮೇಲೆ ಕಾಣುತ್ತದೆ. ಅಲ್ಲಿಗೆ ಕುರಿ ಮೇಯಲು ಬರುವ ಮೊದಲು ತಂಡವನ್ನು ಕರೆದುಕೊಂಡು ಹೋಗಿ ಎಲ್ಲವನ್ನೂ ಹೆಕ್ಕಿ ತನ್ನಿ. ಕ್ಯಾಮೆರಾವನ್ನೂ ಒಯ್ಯಿರಿ. ಇಳಿಜಾರಿನ ಎಲ್ಲ ಬಂಡೆಗಳು, ಹಳ್ಳಗಳು, ಮರದ ಬೊಡ್ಡೆಗಳು ಆಗ ಬರಿಗಣ್ಣಿಗೆ ಕಾಣುತ್ತವೆ. ಒಂದೊಂದರ ಫೋಟೋ ತೆಗೆದು ನಕ್ಷೆಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಮುಂದಿನ ಚಳಿಗಾಲದಲ್ಲಿ ಮಕ್ಕಳ ಇಳಿಜಾರನ್ನು ಎಲ್ಲಿ ಕಟ್ಟಬೇಕು ಅನ್ನುವುದು ಆ ನಕ್ಷೆಯಿಂದ ತೀರ್ಮಾನವಾಗುತ್ತದೆ.